ಕ್ಯೂಬಾದ ಬೀದಿ ಸಮಿತಿಯನ್ನು ಸಭೆಯ ನಾಟಕದಲ್ಲಿ ಹೇಗೆ ತೋರಿಸಬೇಕು?

ಪ್ರಶ್ನೆ: ಯುವಜನ ಕಾರ್ಯದರ್ಶಿ, ಸಿದ್ದಾಪುರದ ಕಡೆ

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಮುಗಿದು ಜನರಿಗೆ ಸ್ವಲ್ಪ ಬಿಡುವಾಗುವ ಮಾರ್ಚ್ ತಿಂಗಳಲ್ಲಿ ನಮ್ಮ ಚರ್ಚ್ ಸಭೆಯ ಯುವಜನ ಸಂಘವು ಪ್ರತಿವರ್ಷ ಬೇರೊಂದು ದೇಶದ ಕ್ರೈಸ್ತರ ಬದುಕನ್ನು ಪರಿಚಯಿಸುವ ಒಂದು ಸಂಜೆಯನ್ನು ಏರ್ಪಡಿಸುತ್ತದೆ. ಈ ಸಲ ಕ್ಯೂಬಾವನ್ನು ಆರಿಸಿಕೊಂಡೆವು. 2016ರ ವಿಶ್ವ ಪ್ರಾರ್ಥನಾ ದಿನದ ಆರಾಧನಾ ಕ್ರಮವನ್ನು ಆ ದೇಶದ ಸ್ತ್ರೀಯರೇ ಸಿದ್ಧಪಡಿಸಿದ್ದರಿಂದ ನಮ್ಮ ಸ್ತ್ರೀಯರ ಸಂಘದವರಿಗೆ ಕ್ಯೂಬಾ ಹೊಸ ಹೆಸರೇನಲ್ಲ.

ತೊಡಕು ಬಂದಿರುವುದು 20 ನಿಮಿಷದ ಕಿರುನಾಟಕದಲ್ಲಿ. 1960ರ ದಶಕದ ಹವಾನಾ, ಕಮ್ಯುನಿಸ್ಟ್ ಕ್ಯೂಬಾದ ರಾಜಧಾನಿ. ಒಂದು ಮನೆಯಲ್ಲಿ ಬಾಗಿಲು ಹಾಕಿಕೊಂಡು ಪ್ರಾರ್ಥನೆ ನಡೆಯುತ್ತಿದೆ. ಎದುರುಮನೆಯಲ್ಲಿರುವ, ನೆರೆಹೊರೆಯ ಮೇಲೆ ಕಣ್ಣಿಡುವ ಬೀದಿ ಸಮಿತಿಯ ಹೆಂಗಸು ಪರದೆ ಸರಿಸಿ, ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ನಮ್ಮ ಹುಡುಗರು ಆಕೆಗೆ ರಟ್ಟಿನ ಉದ್ದ ಮೂಗು ಕಟ್ಟಿ ನಗೆಪಾತ್ರ ಮಾಡಿಬಿಟ್ಟಿದ್ದರು. ಮೊದಲ ತಾಲೀಮಿನ ದಿನವೇ ಮಾತಿಗೆ ಮಾತು ಬೆಳೆಯಿತು. ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತರಾದ ಅಮ್ಮನೊಬ್ಬರು, ಅದೇ ಸಮಿತಿಗಳು ಮಕ್ಕಳಿಗೆ ಪೋಲಿಯೊ ಲಸಿಕೆ ಹಾಕಿಸಿದ್ದನ್ನು ಬಿಟ್ಟು ಇದನ್ನೊಂದೇ ತೋರಿಸುವುದು ಅಮೆರಿಕದವರ ಮಾತನ್ನು ನಾವು ಒಪ್ಪಿಸಿದಂತೆ ಎಂದರು. ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯ ಹಿರಿಯರೊಬ್ಬರು, ಆ ದೃಶ್ಯವನ್ನು ತೆಗೆದರೆ ಕ್ಯೂಬಾದ ಕ್ರೈಸ್ತರ ಕುರಿತು ಹೇಳಲು ಉಳಿಯುವುದೇನು ಎಂದು ಕೇಳಿದರು. ಇದರ ಹಿಂದೆ ಊರಿನ ಕಾರಣವೂ ಇದೆಯೆನ್ನಿ. ಗುಡ್ಡದಾಚೆ ಕಮ್ಯುನಿಸ್ಟರು ಬಲವಾಗಿರುವ ಕೇರಳದ ಕಣ್ಣೂರು; ನಮ್ಮ ಸಭೆಯ ಕೆಲವು ಮನೆಗಳಲ್ಲಿ ಕಮ್ಯುನಿಸ್ಟ್ ಎಂದರೆ ತೋಟದ ಕೂಲಿ ಹೆಚ್ಚಿಸಲು ಹೋರಾಡಿದ ಸಂಘ, ಇನ್ನು ಕೆಲವು ಮನೆಗಳಲ್ಲಿ ದೇವರಿಲ್ಲದವರು. ಆ ಕಡೆಗೆ 10 ನಿಮಿಷ, ಈ ಕಡೆಗೆ 10 ನಿಮಿಷ ಕೊಡಿ ಎಂದು ಸಭಾಪಾಲಕರು ರಾಜಿ ಹೇಳಿದ್ದಾರೆ. ಅದು ನಾಟಕವಾಗಿ ನಿಲ್ಲುತ್ತದೆಯೇ? ಬಲ್ಲವರು ತಿಳಿಸಬೇಕು.

ಉತ್ತರ 1: ನಿವೃತ್ತ ಇತಿಹಾಸ ಅಧ್ಯಾಪಕ, ಮಡಿಕೇರಿ

ಮೂಗನ್ನು ಮೊದಲು ಬಿಚ್ಚಿಸಿ. ಉಳಿದದ್ದನ್ನು ಆಮೇಲೆ ನೋಡೋಣ.

ಈ ಸಮಿತಿಗಳು ಹುಟ್ಟಿದ ಸಂದರ್ಭವನ್ನು ನಿಮ್ಮ ಹುಡುಗರಿಗೆ ತಿಳಿಸುವುದು ಒಳ್ಳೆಯದು. 1960ರ ಸೆಪ್ಟೆಂಬರ್ 28ರಂದು, ವಿಶ್ವಸಂಸ್ಥೆಯಿಂದ ಆಗಷ್ಟೇ ಹಿಂದಿರುಗಿದ್ದ ಕ್ಯೂಬಾದ ಕ್ರಾಂತಿಯ ನಾಯಕ ಫಿಡೆಲ್ ಕಾಸ್ಟ್ರೋ ಹವಾನಾದ ಅಧ್ಯಕ್ಷರ ಅರಮನೆಯ ಉಪ್ಪರಿಗೆಯಿಂದ ಭಾಷಣ ಮಾಡುತ್ತಿದ್ದಾಗ ಸಮೀಪದಲ್ಲೇ ಸ್ಫೋಟದ ಸದ್ದು ಕೇಳಿಸಿತು; ಆ ಭಾಷಣದಲ್ಲಿಯೇ ಅವರು ಬೀದಿಬೀದಿಯಲ್ಲೂ ಜನರೇ ಕಾವಲು ನಡೆಸುವ ವ್ಯವಸ್ಥೆಯನ್ನು ಘೋಷಿಸಿದರು. ಹೀಗೆ ಆರಂಭವಾದದ್ದೇ ಕ್ರಾಂತಿ ರಕ್ಷಣಾ ಸಮಿತಿಗಳು. ಮರುವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಬೆಂಬಲದ ಪಡೆ ದಕ್ಷಿಣ ಕರಾವಳಿಯಲ್ಲಿ ಇಳಿದಾಗ ಕೆಲವೇ ದಿನಗಳಲ್ಲಿ ಹತ್ತಾರು ಸಾವಿರ ಜನರನ್ನು ಹಿಡಿದು ಕೂಡಿಹಾಕಿದರು. ಯಾರನ್ನು ಹಿಡಿಯಬೇಕೆಂದು ತೋರಿಸಿಕೊಟ್ಟವರಲ್ಲಿ ಈ ಸಮಿತಿಗಳವರೂ ಇದ್ದರು. 1962ರ ಪೋಲಿಯೊ ಲಸಿಕೆಗಾಗಿ ಮನೆಮನೆಯ ಮಕ್ಕಳ ಪಟ್ಟಿ ಮಾಡಿದವರೂ ಇವರೇ. ರಕ್ತದಾನ, ಹಳೆ ಬಾಟಲಿ ಮತ್ತು ಕಾಗದ ಸಂಗ್ರಹ, ಚಂಡಮಾರುತ ಬಂದಾಗ ಮುದುಕರನ್ನು ಮನೆಯಿಂದ ಹೊರಗೆ ಸಾಗಿಸುವುದು, ಇವೆಲ್ಲವೂ ಅವರ ಪಾಲಿನ ಕೆಲಸಗಳಾಗಿದ್ದವು.

ಆದುದರಿಂದ ಸಭಾಪಾಲಕರ ಪಾಲುಪಟ್ಟಿಯನ್ನು ನಾನು ಒಪ್ಪುವುದಿಲ್ಲ. ಯಾವ ಮನೆಯಲ್ಲಿ ಎಷ್ಟು ಮಕ್ಕಳು ಎಂದು ಬಲ್ಲವಳಿಗೇ ಯಾವ ಮನೆಯಲ್ಲಿ ಭಾನುವಾರ ಐವರು ಹೊರಗಿನವರು ಸೇರಿದ್ದರು ಎಂಬುದೂ ಗೊತ್ತಿತ್ತು. ನಮ್ಮ ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ಪುಸ್ತಕದಲ್ಲೇ ಇನ್ನೊಂದು ಕಾಲಂ ಗೆರೆ ಎಳೆದು, ಯಾರು ಚರ್ಚಿಗೆ ಹೋದರು ಎಂದು ಬರೆಯಿಸಿದರೆ ಹೇಗಿರುತ್ತದೆಂದು ಊಹಿಸಿಕೊಳ್ಳಿ. ಒಬ್ಬಳೇ ಹೆಂಗಸು, ಒಂದೇ ಪುಸ್ತಕ, ಒಂದೇ ದೃಶ್ಯ. ಆಕೆ ಮಗುವಿನ ಹೆಸರು ಕೇಳುತ್ತಾ ಒಳಗೆ ಬರಲಿ, ಬರೆದುಕೊಳ್ಳಲಿ, ಮೇಜಿನ ಮೇಲಿರುವ ಬೈಬಲ್‌ ಮೇಲೆ ಕಣ್ಣಾಡಿಸಿ ಮತ್ತೊಂದು ಸಾಲು ಬರೆಯಲಿ.

ಉತ್ತರ 2: ವಿರಾಜಪೇಟೆಯ ಓದುಗ

ಅಧ್ಯಾಪಕರು ಹೇಳಿದ ದೃಶ್ಯ ಚೆನ್ನಾಗಿದೆ. ಆದರೆ ಆ ಎರಡನೆಯ ಸಾಲಿನಿಂದ ಏನಾಯಿತೆಂಬುದನ್ನು ತೋರಿಸದೆ ಬಿಟ್ಟರೆ ನೋಡುವವರು ಅದನ್ನು ನೆರೆಕರೆಯವರ ಕುತೂಹಲವೆಂದು ತಿಳಿದು ಮನೆಗೆ ಹೋಗುತ್ತಾರೆ. ನಾನು ಕಥೋಲಿಕನಾದ್ದರಿಂದ ನನಗೆ ಹೆಚ್ಚು ತಿಳಿದಿರುವುದು ನಮ್ಮವರ ಕಥೆ. 1961ರಲ್ಲಿ ಅಲ್ಲಿನ ಧಾರ್ಮಿಕ ಶಾಲೆಗಳನ್ನು ಸರ್ಕಾರ ವಶಪಡಿಸಿಕೊಂಡಿತು. ಅದೇ ಸೆಪ್ಟೆಂಬರ್‌ನಲ್ಲಿ ಬಿಷಪ್ ಬೋಸಾ ಮಾಸ್ವಿದಾಲ್ ಅವರೂ ಸೇರಿದಂತೆ ನೂರಕ್ಕೂ ಹೆಚ್ಚು ಪಾದ್ರಿಗಳನ್ನು ‘ಕೊವಡೊಂಗಾ’ ಎಂಬ ಹಡಗಿಗೆ ಹತ್ತಿಸಿ ದೇಶದಿಂದ ಹೊರಗೆ ಕಳುಹಿಸಿತು. 1965ರಿಂದ 1968ರವರೆಗೆ ಕಮಗುವೆ ಪ್ರಾಂತ್ಯದಲ್ಲಿ ಸೇನೆಯ ಹೆಸರಿನ ದುಡಿಮೆ ಶಿಬಿರಗಳಿದ್ದವು. ಯೆಹೋವನ ಸಾಕ್ಷಿಗಳು, ಅಡ್ವೆಂಟಿಸ್ಟರು, ಸಲಿಂಗಿಗಳು, ಪಾದ್ರಿಗಳು ಅಲ್ಲಿ ಕಬ್ಬು ಕಡಿಯಬೇಕಾಯಿತು. ಮುಂದೆ ಹವಾನಾದ ಆರ್ಚ್‌ಬಿಷಪ್ಪರೂ ಕಾರ್ಡಿನಲ್ಲರೂ ಆದ ಹೈಮೆ ಒರ್ತೆಗಾ ಅವರು ಕಿರಿಯ ಪಾದ್ರಿಯಾಗಿದ್ದಾಗ ಅಲ್ಲಿದ್ದವರು.

ಶಿಬಿರಕ್ಕೆ ಹೋಗದವರಿಗೂ ಸಮಿತಿಯ ವರದಿಯ ಕಾಟ ತಪ್ಪಲಿಲ್ಲ. ಕೆಲಸಕ್ಕೋ ವಿಶ್ವವಿದ್ಯಾಲಯಕ್ಕೋ ಅರ್ಜಿ ಹಾಕಿದವರ ಬಗ್ಗೆ ಅವರ ಬೀದಿಯ ಸಮಿತಿಯಲ್ಲಿ ವಿಚಾರಿಸುವ ಪದ್ಧತಿಯಿತ್ತು. 1969ರಲ್ಲಿ ಕಬ್ಬಿನ ಕೊಯ್ಲಿನ ನೆಪದಲ್ಲಿ ರದ್ದಾದ ಕ್ರಿಸ್ಮಸ್ ರಜೆ ಮರಳಿ ಸಿಕ್ಕಿದ್ದು 1997ರ ಡಿಸೆಂಬರ್‌ನಲ್ಲಿ, ಅದೂ ಪೋಪ್ ಎರಡನೆಯ ಜಾನ್ ಪೌಲರು ಬರುವುದಕ್ಕೆ ಮುಂಚೆ. ಇವನ್ನೆಲ್ಲ ಮೃದು ಮಾಡಲು ಹೊರಟರೆ ಅಲ್ಲಿ ಅನುಭವಿಸಿದವರಿಗೆ ನಾವು ಮುಖ ತೋರಿಸುವುದು ಹೇಗೆ?

ನ್ಯಾಯವಾಗಿ ಹೇಳಬೇಕಾದ ಒಂದು ಮಾತು: ಅಲ್ಲಿನ ಸಭೆಗಳೂ ಒಂದೇ ಮನಸ್ಸಿನವಾಗಿರಲಿಲ್ಲ. ಪ್ರೆಸ್ಬಿಟೇರಿಯನ್ ಸಭೆ 1977ರ ತನ್ನ ವಿಶ್ವಾಸಪ್ರಕಟಣೆಯಲ್ಲಿ ಸಮಾಜವಾದಿ ಸಮಾಜವನ್ನು ಮೆಚ್ಚಿ ಮಾತಾಡಿತ್ತು. ಆಸ್ತಿಕರು ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಬಹುದೆಂದು ಪಕ್ಷ ಒಪ್ಪಿದ್ದು 1991ರಲ್ಲಿ. ನಿಮ್ಮ ದಾದಿಯಮ್ಮ ಅಲ್ಲಿ ಹುಟ್ಟಿದ್ದರೆ ಅವರ ಅಭಿಪ್ರಾಯದ ಕ್ರೈಸ್ತರು ಅವರಿಗೆ ಸಿಗುತ್ತಿದ್ದರು.

ಉತ್ತರ 3: ಹೋಂಸ್ಟೇ ನಡೆಸುವವಳು, ಮಡಿಕೇರಿ ತಾಲ್ಲೂಕು

ನಾನು ಹೇಳುವುದು ಕ್ಯೂಬಾದ ವಿಷಯವಲ್ಲ, ಆದರೂ ನಿಮಗೆ ಉಪಯೋಗವಾಗಬಹುದು. ನಮ್ಮ ಹೋಂಸ್ಟೇಗೆ ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್ ತುಂಬಬೇಕು. ಒಮ್ಮೆ ನಾನು ಅದಕ್ಕಾಗಿ ಪಾಸ್‌ಪೋರ್ಟ್ ಕೇಳಿದಾಗ, ಲೈಪ್ಜಿಗ್‌ನಿಂದ ಬಂದಿದ್ದ ವೃದ್ಧರೊಬ್ಬರು ನಗುತ್ತಾ, ತಾವು ಚಿಕ್ಕವರಿದ್ದಾಗ ಪೂರ್ವ ಜರ್ಮನಿಯ ವಸತಿ ಕಟ್ಟಡಗಳಲ್ಲಿ ‘ಹೌಸ್‌ಬುಖ್’ ಎಂಬ ಮನೆಪುಸ್ತಕ ಇರುತ್ತಿತ್ತೆಂದರು. ವಾಸವಿರುವವರ ಹೆಸರು, ಬಂದ ನೆಂಟರ ಹೆಸರು, ಎಲ್ಲವೂ ಅದರಲ್ಲಿ. ಅದನ್ನು ನೋಡಿಕೊಳ್ಳಲು ಅದೇ ಕಟ್ಟಡದ ಒಬ್ಬ ನಿವಾಸಿ. ನನ್ನ ಫಾರ್ಮ್ ಮತ್ತು ಅವರ ಪುಸ್ತಕ ಒಂದೇ ಎಂದು ನಾನು ವಾದಿಸುವುದಿಲ್ಲ; ನನ್ನ ಫಾರ್ಮಿನಲ್ಲಿ ಅತಿಥಿ ಯಾವ ಚರ್ಚಿಗೆ ಹೋದ ಎಂಬ ಪ್ರಶ್ನೆ ಇಲ್ಲ.

ಅವರು ಹೋದ ಮೇಲೆ ಒಂದಿಷ್ಟು ಓದಿದೆ. 1989ರಲ್ಲಿ ಅಲ್ಲಿನ ಗುಪ್ತಚರ ಸಂಸ್ಥೆ ಸ್ಟಾಸಿಯಲ್ಲಿ ಸುಮಾರು 91,000 ನೌಕರರಿದ್ದರು. ಜೊತೆಗೆ ಗುಟ್ಟಾಗಿ ಸುದ್ದಿ ಕೊಡುವವರು 1,70,000ಕ್ಕೂ ಹೆಚ್ಚು. ಕಡತಗಳು 1992ರ ಜನವರಿಯಲ್ಲಿ ಜನರಿಗೆ ತೆರೆದವು. ಅದರ ಹೊಣೆ ಹೊತ್ತವರು ರಾಸ್ಟಾಕ್‌ನ ಪಾದ್ರಿಯಾಗಿದ್ದ ಯೋಆಖಿಮ್ ಗೌಕ್. ಸುದ್ದಿ ಕೊಟ್ಟವರಲ್ಲಿ ಪಾದ್ರಿಗಳೂ ಸಭೆಯ ಅಧಿಕಾರಿಗಳೂ ಇದ್ದರೆಂದು ಗೊತ್ತಾದಾಗ ಸಭೆಗಳೊಳಗೆ ದೊಡ್ಡ ವಿವಾದವೆದ್ದಿತು. ಬರ್ಲಿನ್-ಬ್ರಾಂಡೆನ್‌ಬುರ್ಗ್ ಸಭೆಯ ಆಡಳಿತ ಮುಖ್ಯಸ್ಥರಾಗಿದ್ದ ಮಾನ್‌ಫ್ರೆಡ್ ಸ್ಟೋಲ್ಪೆ ಅವರಿಗೆ ಸ್ಟಾಸಿ ಕಡತದಲ್ಲಿ ‘ಸೆಕ್ರೆಟರಿ’ ಎಂಬ ಗುಪ್ತನಾಮವಿತ್ತು. ಸಭೆಯ ಜನರನ್ನು ಕಷ್ಟದಿಂದ ಬಿಡಿಸಲೆಂದೇ ತಾನು ಅವರೊಡನೆ ಮಾತಾಡಿದ್ದು ಎಂದು ಅವರು ಹೇಳಿದರು. ಶಾಸನಸಭೆಯ ವಿಚಾರಣೆಯೇ ನಡೆಯಿತು. ಜನರು ಇಂದಿಗೂ ಎರಡು ಪಕ್ಷವಾಗಿದ್ದಾರೆ.

ನಿಮ್ಮ ನಾಟಕದಲ್ಲಿ ನೋಡುವವಳು ಬೀದಿಯ ಆಚೆಗಿದ್ದಾಳೆ. ಪ್ರಾರ್ಥನೆಗೆ ಮೊಣಕಾಲೂರಿದವರಲ್ಲೇ ಒಬ್ಬನು ಮಾರನೆಯ ದಿನ ಆಕೆಯ ಮನೆಗೆ ಹೋಗಿ ಹೆಸರುಗಳನ್ನು ಹೇಳಿದರೆ, ಹಿರಿಯರು ಅದನ್ನು ಆಡಲು ಬಿಡುತ್ತಾರೆಯೇ ನೋಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ವಂದನೆಗಳು. ರಟ್ಟಿನ ಮೂಗನ್ನು ತೆಗೆದಾಗಿದೆ. ನಿನ್ನೆಯ ತಾಲೀಮಿನಲ್ಲಿ ಲಸಿಕೆಯ ಪಟ್ಟಿಯನ್ನೂ ಬೈಬಲ್ಲನ್ನೂ ಒಂದೇ ದೃಶ್ಯಕ್ಕೆ ತಂದೆವು. ಪಕ್ಕದ ತೋಟದ ರೈಟರ್ (ಗುಮಾಸ್ತ) ಕೊಟ್ಟ, ಕೂಲಿಯಾಳುಗಳ ಹಾಜರಿ ಬರೆಯುವ ಹಳೆಯ ಚೆಕ್‌ರೋಲ್ ಪುಸ್ತಕವೇ ಸಮಿತಿಯ ಪುಸ್ತಕವಾಯಿತು. ಅದನ್ನು ತೆರೆದ ಕೂಡಲೇ ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬರುವ ಹುಡುಗಿಯೊಬ್ಬಳು ತನ್ನ ಅಜ್ಜಿಯ ಹೆಸರನ್ನು ಗುರುತಿಸಿ ಓದಿದಳು, ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು. ದಾದಿಯಮ್ಮನವರೇ ಸಮಿತಿಯ ಹೆಂಗಸಿನ ಪಾತ್ರ ಮಾಡಲು ಒಪ್ಪಿದ್ದಾರೆ. ಕೊನೆಯಲ್ಲಿ ದುಡಿಮೆ ಶಿಬಿರದ ಹೆಸರು ಬರಬೇಕೆಂಬ ಹಿರಿಯರ ಮಾತಿಗೂ ಅವರು ತಡೆ ಹೇಳಲಿಲ್ಲ. ಪ್ರಾರ್ಥನೆಯ ಗುಂಪಿನವನೇ ಹೆಸರು ಹೇಳುವ ದೃಶ್ಯವನ್ನು ಮಾತ್ರ ಕಮಿಟಿ ಇನ್ನೂ ಒಪ್ಪಿಲ್ಲ. ಆ ಪಾತ್ರವನ್ನು ಯಾರು ಮಾಡುತ್ತಾರೆಂದು ಕೇಳಿದಾಗ ಒಬ್ಬರೂ ಕೈ ಎತ್ತಲಿಲ್ಲ. ಶನಿವಾರ ಮತ್ತೆ ಸೇರುತ್ತೇವೆ.