ಹಂಗೇರಿಯ ಬೀಫ್ ಪೋರ್ಕೋಲ್ಟ್ ಮನೇಲಿ ಮಾಡೋದು ಹೆಂಗೆ? ಮೈದಾ ಹಾಕ್ಬೇಕಾ?

ಹಸಿದಹೊಟ್ಟೆ:
ಭಾನುವಾರ ಫ್ರೆಂಡ್ಸ್ ಬರ್ತಿದಾರೆ, ಬೀಫ್ ಪೋರ್ಕೋಲ್ಟ್ ಮಾಡೋಣ ಅಂತಿದೀನಿ, ಅದೇ ಹಂಗೇರಿಯವರ ಗಟ್ಟಿ ಸ್ಟ್ಯೂ. ನೆಟ್ಟಲ್ಲಿ ನೋಡಿದ್ರೆ ತಲೆ ಕೆಟ್ಟೋಗುತ್ತೆ, ಒಬ್ರು ಮಾಂಸಕ್ಕೆ ಮೈದಾ ಹಚ್ಚಿ ಹುರೀರಿ ಅಂತಾರೆ, ಇನ್ನೊಬ್ರು ಟೊಮ್ಯಾಟೊ ಪೇಸ್ಟ್ ಡಬ್ಬಿಗಟ್ಲೆ ಸುರೀತಾರೆ, ಮತ್ತೊಬ್ರು ಗೂಲಾಶ್ ಅಂದ್ರೂ ಇದೇ ಅಂತಾರೆ. ಹಳೇ ಕ್ರಮದಲ್ಲಿ ಮಾಡೋಕೆ ಯಾವ ಭಾಗದ ಮಾಂಸ ತರ್ಬೇಕು, ನೀರು ಎಷ್ಟು, ಎಷ್ಟೊತ್ತು ಬೇಯ್ಬೇಕು? ಹಂದಿ ಕೊಬ್ಬಲ್ಲೇ ಮಾಡ್ಬೇಕಂತೆ, ಎಣ್ಣೆ ಆಗಲ್ವಾ? ಕುಕ್ಕರಲ್ಲಿ ಕೂಗಿಸಿದ್ರೆ ನಡಿಯುತ್ತಾ?

ಸೌಟುಪುರಾಣ:
ಮೈದಾ ಮುಟ್ಲೇಬೇಡಿ. ಗ್ರೇವಿ ಗಟ್ಟಿಯಾಗೋದು ಈರುಳ್ಳಿಯಿಂದ. 1 ಕೆಜಿ ಮಾಂಸಕ್ಕೆ ಹತ್ತತ್ರ ಅರ್ಧ ಕೆಜಿ ಈರುಳ್ಳಿ, ಆದಷ್ಟು ಸಣ್ಣಗೆ ಹೆಚ್ಕೊಳಿ, ಬೇಯ್ತಾ ಬೇಯ್ತಾ ಅದು ಪೂರ್ತಿ ಕರಗೋಗುತ್ತೆ. ಮಾಂಸ ಕಾಲಿನದ್ದು ತನ್ನಿ, ಶಿನ್ ಅಂತಾರಲ್ಲ, ಹಂಗೇರಿಯಲ್ಲೂ ಪೋರ್ಕೋಲ್ಟ್‌ಗೆ ಅದನ್ನೇ ಇಷ್ಟಪಡ್ತಾರೆ. ನೋಡೋಕೆ ಬರೀ ಪೊರೆ, ನಾರು ಅನ್ಸುತ್ತೆ, ಆದ್ರೆ ಆ ಪೊರೆಯಲ್ಲಿರೋ ಕೊಲಾಜನ್ ಅನ್ನೋ ಪ್ರೋಟೀನೇ ನಿಧಾನಕ್ಕೆ ಜೆಲಟಿನ್ ಆಗಿ ಗ್ರೇವಿಗೆ ಅಂಟು ಬರೋದು. ಕೊಬ್ಬಿಲ್ಲದ ದುಬಾರಿ ಪೀಸ್ ತಂದ್ರೆ ಹತ್ತಿ ಥರ ಒಣಗುತ್ತೆ, ದುಡ್ಡೂ ದಂಡ.

ಈಗ ಮುಖ್ಯವಾದ್ದು. ಈರುಳ್ಳಿ ಬಾಡಿ ಹೊಂಬಣ್ಣಕ್ಕೆ ತಿರುಗ್ತಿದ್ದಂಗೆ ಪಾತ್ರೆನ ಒಲೆಯಿಂದ ಕೆಳಗಿಳಿಸಿ, ಆಮೇಲೆ ಪಪ್ರಿಕಾ ಪುಡಿ ಹಾಕಿ, ಅಂದ್ರೆ ಹಂಗೇರಿಯವರ ಕೆಂಪು ಮೆಣಸಿನ ಪುಡಿ, ಖಾರದ್ದಲ್ಲ ಸಿಹಿ ಪಪ್ರಿಕಾ, ಕೆಜಿಗೆ 2 ದೊಡ್ಡ ಚಮಚ. ಅದ್ರಲ್ಲಿ ಸಕ್ಕರೆ ಅಂಶ ಇರುತ್ತೆ, ಉರಿ ಮೇಲಿದ್ರೆ ಕ್ಷಣದಲ್ಲಿ ಸೀದು ಕಹಿ ಬರುತ್ತೆ, ಆಮೇಲೆ ಏನ್ ಮಾಡಿದ್ರೂ ಹೋಗಲ್ಲ. ಒಂದ್ಸಲ ಕಲಸಿ ತಕ್ಷಣ ಮಾಂಸ, ಉಪ್ಪು ಹಾಕಿ ಮತ್ತೆ ಒಲೆಗಿಡಿ. ಮಾಂಸ ತಾನೇ ನೀರು ಬಿಡುತ್ತೆ, ಅದು ಇಂಗಿ ಎಣ್ಣೆ ತೇಲಿದಾಗ ಮಾತ್ರ ಅರ್ಧ ಲೋಟ ನೀರು ಸೇರಿಸಿ, ಮತ್ತೆ ಇಂಗಿದ್ರೆ ಮತ್ತೆ ಸ್ವಲ್ಪ. ಹಿಂಗೇ ಎರಡೂವರೆಯಿಂದ ಮೂರು ಗಂಟೆ. ಒಂದೇ ಸಲ ಲೀಟರ್ ಸುರಿದ್ರೆ ಅದು ಬೇಯ್ಸಿದ ಮಾಂಸ ಆಗುತ್ತೆ, ಪೋರ್ಕೋಲ್ಟ್ ಆಗಲ್ಲ.

ಎಣ್ಣೇಲೂ ಮಾಡಬಹುದು, ಪಪ್ರಿಕಾ ಬಣ್ಣ ಯಾವ ಕೊಬ್ಬಲ್ಲಾದ್ರೂ ಬಿಟ್ಕೊಳ್ಳುತ್ತೆ. ಹಂದಿ ಕೊಬ್ಬಿನ ರುಚಿ ಬೇರೆ ಅಷ್ಟೇ.

ಸಿಳ್ಳೆರಾಯ:
ಮೂರು ಗಂಟೆ ಒಲೆ ಮುಂದೆ ಯಾರ್ ನಿಲ್ತಾರೆ ಗುರೂ 😅 ಕುಕ್ಕರಲ್ಲಿ ಒಳಗೆ 120 ಡಿಗ್ರಿ ಹತ್ರ ಹೋಗುತ್ತೆ, ಮುಕ್ಕಾಲು ಗಂಟೇಲಿ ಶಿನ್ ಮೆತ್ತಗಾಗುತ್ತೆ. ಆಮೇಲೆ ಮುಚ್ಚಳ ತೆಗೆದು ಇಂಗ್ಸಿದ್ರಾಯ್ತು.

ಸೌಟುಪುರಾಣ:
ಮೆತ್ತಗಾಗುತ್ತೆ, ಒಪ್ತೀನಿ. ಆದ್ರೆ ಕುಕ್ಕರಿಗೆ ಆವಿ ಕಟ್ಟೋಕೆ ನೀರು ಬೇಕೇ ಬೇಕು, ಇದು ನೀರು ಕಮ್ಮಿ ಇರೋ ಅಡುಗೆ, ನೀರಿಲ್ದೆ ಇಟ್ರೆ ಈರುಳ್ಳಿ ತಳ ಹಿಡಿಯುತ್ತೆ. ಇಂಗಿ ಹುರಿದು, ಇಂಗಿ ಹುರಿದು ಬರೋ ರುಚಿ ಅದ್ರಲ್ಲಿ ಸಿಗಲ್ಲ. ಇನ್ನು ಒಲೆ ಮುಂದೆ ನಿಲ್ಲೋದೇನೂ ಬೇಡ, ದಪ್ಪ ತಳದ ಪಾತ್ರೆ, ಸಣ್ಣ ಉರಿ, ಕಾಲು ಗಂಟೆಗೊಮ್ಮೆ ಹೋಗಿ ತಿರುವಿದ್ರೆ ಸಾಕು.

ಕೆಂಪುಪುಡಿ:
ಗೂಲಾಶ್ ಗೊಂದಲಕ್ಕೆ: ಹಂಗೇರಿಯಲ್ಲಿ ಗುಯಾಶ್ ಅಂದ್ರೆ ಆಲೂಗಡ್ಡೆ, ಕ್ಯಾರೆಟ್ ಹಾಕಿದ ಸೂಪು, ದನಗಾಹಿಗಳ ಅಡುಗೆ. ಹೊರದೇಶದಲ್ಲಿ ಗೂಲಾಶ್ ಅಂತ ತಟ್ಟೆಗೆ ಹಾಕೋ ಗಟ್ಟಿ ಪದಾರ್ಥ ಪೋರ್ಕೋಲ್ಟಿಗೇ ಹತ್ರ. ಪಪ್ರಿಕಾ ಹಂಗೇರಿಯ ಸೆಗೆಡ್ ಅಥವಾ ಕಲೋಚಾ ಊರಿಂದು ಸಿಕ್ರೆ ಬಿಡ್ಬೇಡಿ. ಅಂದಹಾಗೆ 1937ರಲ್ಲಿ ನೊಬೆಲ್ ತಗೊಂಡ ವಿಜ್ಞಾನಿ ಸೆಂಟ್ ಜಾರ್ಜಿ ರಾಶಿಗಟ್ಲೆ ವಿಟಮಿನ್ ಸಿ ತೆಗೆದಿದ್ದು ಸೆಗೆಡ್‌ನ ಈ ಪಪ್ರಿಕಾ ಹಣ್ಣಿಂದಾನೇ. ಮೂರು ಗಂಟೆ ಬೇಯ್ಸಿದ್ಮೇಲೆ ವಿಟಮಿನ್ ಹುಡುಕ್ಬೇಡಿ ಮತ್ತೆ.

ಹಸಿದಹೊಟ್ಟೆ:
ಥ್ಯಾಂಕ್ಸ್ ಎಲ್ರಿಗೂ, ಒಲೆ ಮೇಲೇ ಮಾಡ್ತೀನಿ. ಟೊಮ್ಯಾಟೊ ಬೇಡ್ವೇ ಬೇಡ್ವಾ ಹಾಗಾದ್ರೆ? ಜೊತೆಗೆ ಏನಿಡ್ಲಿ?

ಕೆಂಪುಪುಡಿ:
ಒಂದು ಟೊಮ್ಯಾಟೊ, ಒಂದು ದಪ್ಪ ಮೆಣಸಿನಕಾಯಿ ಹೆಚ್ಚಿ ಹಾಕಿ, ಪೇಸ್ಟ್ ಬೇಡ, ಪಪ್ರಿಕಾನ ನುಂಗಿಬಿಡುತ್ತೆ. ಬೆಳ್ಳುಳ್ಳಿ, ಚೂರು ಕ್ಯಾರವೇ ಕಾಳು (ನೋಡೋಕೆ ಜೀರಿಗೆ ಥರ). ಜೊತೆಗೆ ನೊಕೆಡ್ಲಿ ಅಂತ ಮೊಟ್ಟೆ ಮೈದಾ ಕಲಸಿ ಕುದಿಯೋ ನೀರಿಗೆ ಸಣ್ಣ ಸಣ್ಣದಾಗಿ ಉದುರಿಸ್ತಾರೆ, ಅದು ಕಷ್ಟ ಅನ್ಸಿದ್ರೆ ಬೇಯ್ಸಿದ ಆಲೂಗಡ್ಡೆ, ಸೌತೆಕಾಯಿ ಉಪ್ಪಿನಕಾಯಿ. ಸಾಧ್ಯ ಆದ್ರೆ ಶನಿವಾರಾನೇ ಮಾಡಿ ಆರಿಸಿ ಫ್ರಿಜ್ಜಿಗಿಡಿ, ಮಾರನೇ ದಿನ ಇನ್ನೂ ಚೆನ್ನಾಗಿರುತ್ತೆ. ಬಿಸಿ ಮಾಡೋವಾಗ ಜೋರು ಉರಿ ಇಡ್ಬೇಡಿ, ಜೆಲಟಿನ್ ಗಟ್ಟಿಯಾಗಿರುತ್ತೆ, ತಳ ಹಿಡಿಯುತ್ತೆ.