‘ಅಪ್‌ಗ್ರೇಡೆಡ್’ ಟ್ಯಾಂಕಿಗೆ ಕನ್ನಡದಲ್ಲಿ ಏನಂತೀರಿ?

ಎಲ್ರಿಗೂ ನಮಸ್ಕಾರ. ಒಂದು ಕತೆ ಬರೀತಿದೀನಿ, ಅದ್ರಲ್ಲಿ ನಮ್ಮ ವಿಜಯಂತ ಟ್ಯಾಂಕು ರಿಟೈರೇ ಆಗಿಲ್ಲ, ಹೊಸ ಇಂಜಿನ್ನು ಹೊಸ ಕವಚ ಹಾಕಿಸ್ಕೊಂಡು ಇವತ್ತಿಗೂ ರಾಜಸ್ಥಾನದ ಗಡೀಲಿ ಓಡಾಡ್ಕೊಂಡಿದೆ. ಇದನ್ನ ‘ಅಪ್‌ಗ್ರೇಡೆಡ್ ವಿಜಯಂತ’ ಅಂತ ಬರೆದು ಮುಂದೆ ಹೋಗಬಹುದಿತ್ತು, ಆದ್ರೆ ಪುಟಕ್ಕೆ ನಾಲ್ಕು ಸಲ ಬರ್ತಿದೆ, ಓದೋಕೆ ಕಿರಿಕಿರಿ.

ಗೊತ್ತಿಲ್ದೋರಿಗೆ ಸ್ವಲ್ಪ ಹಿನ್ನೆಲೆ. ವಿಜಯಂತ ಬ್ರಿಟನ್ನಿನ ವಿಕರ್ಸ್ ಕಂಪನಿ ಡಿಸೈನು, 1960ರ ದಶಕದಿಂದ ಚೆನ್ನೈ ಹತ್ರ ಆವಡಿ ಫ್ಯಾಕ್ಟರೀಲಿ ತಯಾರಾಯ್ತು. 105 ಮಿ.ಮೀ. ಫಿರಂಗಿ ಚೆನ್ನಾಗೇ ಇತ್ತು, ತಲೆನೋವಾಗಿದ್ದು ಲೇಲ್ಯಾಂಡ್ ಎಲ್60 ಇಂಜಿನ್ನು, ಬ್ರಿಟಿಷರ ಸ್ವಂತ ಚೀಫ್ಟನ್ ಟ್ಯಾಂಕಿಗೂ ಅದೇ ಜಾತಿ ಇಂಜಿನ್ನು ಸಾಕಷ್ಟು ಕಾಟ ಕೊಟ್ಟಿದೆ. ಆಮೇಲೆ ರಷ್ಯಾದ ಟಿ-72 ಟ್ಯಾಂಕಿನ ಇಂಜಿನ್ನು, ಕಾಂಚನ್ ಕವಚ ಎಲ್ಲ ಹಾಕೋ ಬೈಸನ್ ಅಂತೊಂದು ಯೋಜನೆ ಬಂತು, ಅದನ್ನ ಕೈಬಿಟ್ರು. ನನ್ನ ಕತೇಲಿ ಕೈಬಿಟ್ಟಿಲ್ಲ, ಅಷ್ಟೇ ವ್ಯತ್ಯಾಸ. (ಕಾಂಚನ್ ಅಂದ್ರೆ ಇಲ್ಲಿ ಚಿನ್ನ ಅಲ್ಲ, ಹೈದರಾಬಾದಿನ ಕಾಂಚನ್‌ಬಾಗ್, ಆ ಕವಚ ಮಾಡಿದ ಲ್ಯಾಬ್ ಇರೋ ಜಾಗ. ‘ಸ್ವರ್ಣಕವಚ’ ಅಂತ ಯಾರೂ ಸಜೆಸ್ಟ್ ಮಾಡ್ಬೇಡಿ ಮತ್ತೆ.)

ಈಗ ಪದಕ್ಕೆ ಬರೋಣ. ಪೇಪರಿನೋರಿಗೆ ಅಪ್‌ಗ್ರೇಡ್ ಅಂದ್ರೆ ‘ಮೇಲ್ದರ್ಜೆಗೇರಿಸು’. ಆದ್ರೆ ಅದು ಪ್ರಾಥಮಿಕ ಆರೋಗ್ಯ ಕೇಂದ್ರ ಸಮುದಾಯ ಆರೋಗ್ಯ ಕೇಂದ್ರ ಆದಾಗ, ರಸ್ತೆ ರಾಜ್ಯ ಹೆದ್ದಾರಿ ಆದಾಗ ಹೇಳೋ ಮಾತು, ಅಲ್ಲಿ ನಿಜವಾಗ್ಲೂ ದರ್ಜೆ ಬದಲಾಗತ್ತೆ. ಟ್ಯಾಂಕಿಗೆ ಯಾವ ದರ್ಜೆ? ‘ನವೀಕೃತ’ ಅಂದ್ರೆ ಲೈಸೆನ್ಸು, ಇಲ್ಲಾ ಸುಣ್ಣಬಣ್ಣ ಹೊಡೆದ ಬಸ್ ಸ್ಟ್ಯಾಂಡು. ‘ಪರಿಷ್ಕೃತ’ ಪುಸ್ತಕಕ್ಕೆ, ಪಿಂಚಣಿಗೆ.

ಉಳಿದಿದ್ದು ‘ಸುಧಾರಿತ’. ನನ್ನ ಅಸಲಿ ತಕರಾರು ಇಲ್ಲೇ. ನಮ್ಮಲ್ಲೇ ಮಾಡಿದ ಅರ್ಜುನ್ ಟ್ಯಾಂಕಿನ ಹೊಸ ಮಾದರಿ ಮಾರ್ಕ್-1ಎನ ಸುಧಾರಿತ ಅಂದ್ರೆ ನಾನು ಒಪ್ತೀನಿ, ಯಾಕಂದ್ರೆ 2021ರಲ್ಲಿ ಆರ್ಡರ್ ಕೊಟ್ಟ ಆ 118 ಟ್ಯಾಂಕುಗಳು ಹೊಸದಾಗೇ ತಯಾರಾಗಬೇಕಾದವು, ಹಳೇ ಮಾದರಿಗಿಂತ ಉತ್ತಮವಾದ್ದು ಅಂತ ಅರ್ಥ. ಆದ್ರೆ ಇಸ್ರೇಲಿನೋರು ಏನ್ ಮಾಡಿದ್ರು ನೋಡಿ, ಬ್ರಿಟಿಷರ ಸೆಂಚೂರಿಯನ್ ಟ್ಯಾಂಕು ತಗೊಂಡು ಅದರ ಪೆಟ್ರೋಲ್ ಇಂಜಿನ್ನು ಕಿತ್ತು ಅಮೆರಿಕದ ಕಾಂಟಿನೆಂಟಲ್ ಡೀಸೆಲ್ ಇಂಜಿನ್ನು ಇಟ್ರು, ಹಳೇ ಫಿರಂಗಿ ತೆಗೆದು 105 ಮಿ.ಮೀ.ದು ಹಾಕಿದ್ರು, ಬಾಡಿ ಮಾತ್ರ ಅದೇ. ಅದೇ ಶೋತ್ ಕಲ್. ದಕ್ಷಿಣ ಆಫ್ರಿಕಾದ ಓಲಿಫಾಂಟ್ ಕೂಡ ಸೆಂಚೂರಿಯನ್ನೇ. ಇದು ಸುಧಾರಣೆ ಅನ್ನೋದಕ್ಕಿಂತ ಗ್ಯಾರೇಜಿನೋರು ‘ಬೇರೆ ಇಂಜಿನ್ ಕೂರ್ಸಿದ್ವಿ’, ‘ಆಲ್ಟ್ರೇಷನ್ ಮಾಡ್ಸಿದ್ವಿ’ ಅಂತಾರಲ್ಲ, ಆ ಕೆಲಸ. ಇಂಗ್ಲಿಷಿನೋರು ಎರಡಕ್ಕೂ ಅಪ್‌ಗ್ರೇಡ್ ಅಂದು ಕೈ ತೊಳ್ಕೋತಾರೆ, ನಾವ್ಯಾಕೆ ಒಂದೇ ಪದಕ್ಕೆ ಜೋತು ಬೀಳ್ಬೇಕು?

ಕತೇಲಿ ಸೈನಿಕರು ಮಾತಾಡುವಾಗ ಏನೂ ಪ್ರಾಬ್ಲಂ ಇಲ್ಲ, ‘ಹೊಸ ಇಂಜಿನ್ನಿನ ಗಾಡಿ’ ಅಂತಾರೆ. ನಿರೂಪಣೆಗೆ ‘ಮರುಸಜ್ಜಿತ’ ಅಂತ ಇಟ್ಕೊಂಡಿದೀನಿ, ಮರುಮುದ್ರಣ ಮರುಪರೀಕ್ಷೆ ಥರ. ಕಿವಿಗೆ ಒಗ್ಗತ್ತಾ ಹೇಳಿ.

‘ಮೇನ್ ಬ್ಯಾಟಲ್ ಟ್ಯಾಂಕ್’ಗೆ ‘ಮುಖ್ಯ ಯುದ್ಧ ಟ್ಯಾಂಕ್’ ಅನ್ನೋದೂ ನಂಗೆ ಅಷ್ಟು ಇಷ್ಟ ಇಲ್ಲ, ಮುಖ್ಯ ಯುದ್ಧ ಒಂದಿದೆ, ಅದಕ್ಕೊಂದು ಟ್ಯಾಂಕು ಅನ್ನೋ ಹಾಗೆ ಕೇಳತ್ತೆ. ಮೀಡಿಯಂ ಟ್ಯಾಂಕು ಹೆವಿ ಟ್ಯಾಂಕು ಎರಡರ ಕೆಲಸಾನೂ ಒಂದೇ ಗಾಡಿ ಮಾಡೋಕೆ ಶುರುವಾದಾಗ ಬಂದ ಹೆಸರು ಅದು. ಟ್ಯಾಂಕ್ ಅನ್ನೋ ಪದ ಹಾಗೇ ಇರ್ಲಿ ಬಿಡಿ. ಮೊದಲನೇ ಮಹಾಯುದ್ಧದಲ್ಲಿ ಗುಟ್ಟು ಬಯಲಾಗಬಾರದು ಅಂತ ಇಟ್ಟ ಸುಳ್ಳು ಹೆಸರೇ ಅದು, ನೀರಿನ ತೊಟ್ಟಿ ಅಂದ್ಕೊಳ್ಲಿ ಅಂತ. ಟ್ಯಾಂಕಿನ ಚಕ್ರಗಳ ಸುತ್ತ ಓಡೋ ಟ್ರ್ಯಾಕಿಗೆ ‘ಚೈನ್’ ಸಾಕು, ಹಿಟಾಚಿ ನೋಡಿರೋರಿಗೆಲ್ಲ ಗೊತ್ತಾಗತ್ತೆ.

ಇನ್ನೆರಡು ಪ್ರಶ್ನೆ. ‘ಪರ್ಯಾಯ ಇತಿಹಾಸ’ ಅಂತ ಕವರ್ ಮೇಲೆ ಹಾಕಿದ್ರೆ ಉಡುಪಿ ಕಡೆಯೋರು ಮಠದ ಪರ್ಯಾಯದ ಇತಿಹಾಸ ಅಂದ್ಕೋತಾರಾ? ಮತ್ತೆ ಟರೆಟ್‌ಗೆ (ಟ್ಯಾಂಕಿನ ಮೇಲೆ ಫಿರಂಗಿ ಸಮೇತ ಸುತ್ತ ತಿರುಗೋ ಭಾಗ) ‘ತಿರುಗುಗೋಪುರ’ ಅಂತ ಬರೆದ್ರೆ ನಂಗಂತೂ ದೇವಸ್ಥಾನವೇ ಕಣ್ಮುಂದೆ ಬರತ್ತೆ, ಮಿಲಿಟರೀಲಿದ್ದ ಕನ್ನಡದೋರು ತಮ್ಮತಮ್ಮಲ್ಲಿ ಏನಂತಿದ್ರು ಅಂತ ಗೊತ್ತಿದ್ರೆ ತಿಳಿಸಿ, ಅದನ್ನೇ ಹಾಕ್ತೀನಿ.