ಪದಚರ್ಚೆ: ಸಿಸ್ಟಂ ಫೈಲ್ ‘ಕಾಣೆಯಾಗಿದೆ’ ಎನ್ನಬೇಕೇ, ‘ಸಿಗಲಿಲ್ಲ’ ಎನ್ನಬೇಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ವಿಂಡೋಸ್ ಕಂಪ್ಯೂಟರ್ ಬಳಸುವ, ಆದರೆ ಇಂಗ್ಲಿಷನ್ನು ಸರಾಗವಾಗಿ ಓದಲಾಗದವರಿಗಾಗಿ ಕನ್ನಡದಲ್ಲಿ ಒಂದು ಕಿರು ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ, ವಿಂಡೋಸ್ ನಡೆಯಲು ಬೇಕಾದ ಸಿಸ್ಟಂ ಫೈಲ್‌ಗಳಿಗೆ ಸಂಬಂಧಿಸಿದ ದೋಷಸಂದೇಶಗಳ ಅಧ್ಯಾಯವು ಒಂದು ಪದದ ಬಳಿ ನಿಂತಿದೆ. ಇಂಗ್ಲಿಷ್ ಸಂದೇಶಗಳಲ್ಲಿ ಬರುವ ‘ಮಿಸ್ಸಿಂಗ್’ ಎಂಬುದನ್ನು ಅಂತರ್ಜಾಲದ ಕನ್ನಡ ಪುಟಗಳು ಸಾಮಾನ್ಯವಾಗಿ ‘ಕಾಣೆಯಾಗಿದೆ’ ಎಂದು ಅನುವಾದಿಸುತ್ತವೆ. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಆದರೆ ಅದನ್ನು ಓದಿದವರು ಮುಂದೆ ಏನು ಮಾಡುತ್ತಾರೆ ಎಂಬುದನ್ನು ಯೋಚಿಸಿದರೆ ಈ ಪದ ಅವರನ್ನು ತಪ್ಪು ದಾರಿಗೆ ಹಚ್ಚುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

‘ಕಾಣೆಯಾಗಿದ್ದಾರೆ’ ಎಂಬ ತಲೆಬರಹದಡಿ ಭಾವಚಿತ್ರ ಹಾಕಿ ಪತ್ರಿಕೆಗಳಲ್ಲಿ ಬರುವ ಪ್ರಕಟಣೆಗಳು ನಮಗೆಲ್ಲ ಪರಿಚಿತ. ಇದ್ದವರು, ಇದ್ದ ಜಾಗದಿಂದ ಹೋದರು ಎಂಬ ಅರ್ಥ ಅಲ್ಲಿ ಸ್ಪಷ್ಟವಾಗಿದೆ. ಇದರೊಂದಿಗೆ ಫೈಲ್ ಎಂಬುದಕ್ಕೆ ‘ಕಡತ’ವನ್ನು ಸೇರಿಸಿದರೆ ಅರ್ಥ ಇನ್ನಷ್ಟು ಬಿಗಿಯಾಗುತ್ತದೆ. ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದ ಕಪ್ಪು ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದಿಡುತ್ತಿದ್ದ ಲೆಕ್ಕಪತ್ರಕ್ಕೆ ಹಿಂದೆ ಕಡತ ಎಂಬ ಹೆಸರಿತ್ತು. ಇಂದು ಆ ಪದ ಸರ್ಕಾರಿ ಕಚೇರಿಯ ಫೈಲಿಗೆ ನಿಂತಿದೆ. ‘ಕಡತ ನಾಪತ್ತೆ’, ‘ಕಡತ ಕಾಣೆ’ ಎಂದು ಓದಿದೊಡನೆ ಯಾರೋ ಅದನ್ನು ತೆಗೆದಿದ್ದಾರೆ ಎಂಬ ಶಂಕೆ ಕನ್ನಡಿಗರ ಮನಸ್ಸಿನಲ್ಲಿ ತಾನಾಗಿಯೇ ಏಳುತ್ತದೆ. ‘ವ್ಯವಸ್ಥೆಯ ಕಡತ ಕಾಣೆಯಾಗಿದೆ’ ಎಂಬ ವಾಕ್ಯವನ್ನು ಪರದೆಯ ಮೇಲೆ ಕಂಡವರು ವೈರಸ್ ಬಂದಿದೆ ಎಂದೋ, ಮಕ್ಕಳು ಏನನ್ನೋ ಅಳಿಸಿದ್ದಾರೆ ಎಂದೋ ಗಾಬರಿಯಾದರೆ ಅದರಲ್ಲಿ ಆಶ್ಚರ್ಯವಿಲ್ಲ.

ವಾಸ್ತವದಲ್ಲಿ ಆಗಿರುವುದು ಬಹಳ ಸಲ ಬೇರೆಯೇ. ಹೊಸದಾಗಿ ಹಾಕಿಕೊಂಡ ಪ್ರೋಗ್ರಾಂ ಒಂದನ್ನು ತೆರೆದಾಗ ವಿಸಿರನ್‌ಟೈಮ್140.ಡಿಎಲ್‌ಎಲ್ ಎಂಬ ಫೈಲಿನ (ಡಿಎಲ್‌ಎಲ್ ಎಂದರೆ ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಹಾಯಕ ಫೈಲು) ಹೆಸರು ಹೇಳಿ ಸಂದೇಶ ಬಂದರೆ, ಆ ಫೈಲು ಆ ಕಂಪ್ಯೂಟರಿನಲ್ಲಿ ಹಿಂದೆಂದೂ ಇರದಿದ್ದಿರಬಹುದು. ಅದು ಮೈಕ್ರೋಸಾಫ್ಟ್‌ನ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬ ಕಟ್ಟಿನೊಂದಿಗೆ ಬರುವಂಥದ್ದು. 2015ರ ಮತ್ತು ಅದರ ನಂತರದ ವಿಷುಯಲ್ ಸ್ಟುಡಿಯೋ ಆವೃತ್ತಿಗಳಲ್ಲಿ ಸಿದ್ಧವಾದ ಅನೇಕ ಪ್ರೋಗ್ರಾಂಗಳಿಗೆ ಅದು ಬೇಕಾಗುತ್ತದೆ. ಇರದೇ ಇದ್ದದ್ದು ಕಾಣೆಯಾಗುವುದಾದರೂ ಹೇಗೆ? ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಪೆನ್‌ಡ್ರೈವ್ ಸಿಕ್ಕಿಸಿಟ್ಟೇ ಕಂಪ್ಯೂಟರ್ ಹಚ್ಚಿದಾಗ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಎಂಬ ಸಂದೇಶ ಬರುವುದಿತ್ತು. ಆಗ ವಿಂಡೋಸನ್ನು ಏಳಿಸುವ ಆ ಎನ್‌ಟಿಎಲ್‌ಡಿಆರ್ ಫೈಲು ಹಾರ್ಡ್ ಡಿಸ್ಕಿನಲ್ಲಿ ಭದ್ರವಾಗಿಯೇ ಇರುತ್ತಿತ್ತು. ಯಂತ್ರ ಮೊದಲು ಪೆನ್‌ಡ್ರೈವಿನಲ್ಲಿ ಹುಡುಕಿ, ಸಿಗದೆ ಅಲ್ಲಿಯೇ ನಿಲ್ಲುತ್ತಿತ್ತು. ಪೆನ್‌ಡ್ರೈವ್ ತೆಗೆದು ಮತ್ತೆ ಹಚ್ಚಿದರೆ ಸಾಕಾಗುತ್ತಿತ್ತು.

ಹಾಲ್.ಡಿಎಲ್‌ಎಲ್ ಪ್ರಕರಣ ಇನ್ನೂ ವಿಚಾರಾರ್ಹವಾದುದು. ಅದೂ ವಿಂಡೋಸ್ ಏಳುವುದಕ್ಕೆ ಬೇಕಾದ ಫೈಲು. ಎಕ್ಸ್‌ಪಿಯಲ್ಲಿ ಆ ಸಂದೇಶ ಫೈಲು ‘ಮಿಸ್ಸಿಂಗ್ ಆರ್ ಕರಪ್ಟ್’ ಆಗಿದೆ, ಅಂದರೆ ಕಾಣೆಯಾಗಿದೆ ಇಲ್ಲವೇ ಕೆಟ್ಟಿದೆ ಎಂದು ಹೇಳಿ, ಅದರ ಪ್ರತಿಯನ್ನು ಮತ್ತೆ ಹಾಕಿರಿ ಎಂದು ಸೂಚಿಸುತ್ತಿತ್ತು. ಅನೇಕ ಸಂದರ್ಭಗಳಲ್ಲಿ ಹಾಲ್.ಡಿಎಲ್‌ಎಲ್ ತನ್ನ ಜಾಗದಲ್ಲಿ ಸರಿಯಾಗಿಯೇ ಇದ್ದು, ವಿಂಡೋಸ್ ಹಾರ್ಡ್ ಡಿಸ್ಕಿನ ಯಾವ ಪಾಲಿನಲ್ಲಿ (ಪಾರ್ಟಿಷನ್) ಇದೆ ಎಂದು ತಿಳಿಸುವ ಬೂಟ್.ಐಎನ್‌ಐ ಎಂಬ ಸಣ್ಣ ಪಠ್ಯಫೈಲು ತಪ್ಪಾಗಿರುತ್ತಿತ್ತು. ವಿಳಾಸ ತಪ್ಪಿದ್ದರಿಂದ ಮನೆ ಸಿಗಲಿಲ್ಲ, ಅಷ್ಟೇ. ಹೆಸರಿಸಿದ ಫೈಲನ್ನು ಎಷ್ಟು ಸಲ ತಂದು ಹಾಕಿದರೂ ಅಂಥ ಕಂಪ್ಯೂಟರ್ ಏಳುತ್ತಿರಲಿಲ್ಲ.

‘ಕಾಣೆಯಾಗಿದೆ’ ಎಂಬ ಪದ ಯಥಾರ್ಥವಾಗಿ ಸಲ್ಲುವುದು ಆಂಟಿವೈರಸ್ ಒಂದು ಫೈಲನ್ನು ಸಂಶಯದಿಂದ ಪ್ರತ್ಯೇಕಿಸಿಟ್ಟಾಗ, ಅಥವಾ ಒಂದು ಪ್ರೋಗ್ರಾಂ ತೆಗೆದುಹಾಕುವಾಗ ಇನ್ನೊಂದಕ್ಕೂ ಬೇಕಾಗಿದ್ದ ಡಿಎಲ್‌ಎಲ್ ಜೊತೆಯಲ್ಲೇ ಅಳಿಸಿಹೋದಾಗ.

ಪದದ ಆಯ್ಕೆಗೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಒಂದು ಫೈಲು ಕಾಣೆಯಾಗಿದೆ ಎಂದರೆ ಓದುವವರು ಸಹಜವಾಗಿ ಅದೇ ಹೆಸರಿನ ಫೈಲನ್ನು ಹುಡುಕಿ ತಂದು ಹಾಕಲು ಹೊರಡುತ್ತಾರೆ. ಬಿಡಿ ಡಿಎಲ್‌ಎಲ್‌ಗಳನ್ನು ಇಳಿಸಿಕೊಳ್ಳಲು ಕೊಡುವ ಜಾಲತಾಣಗಳು ಅವರನ್ನು ಕಾದೇ ಇರುತ್ತವೆ. ಅಲ್ಲಿಂದ ಬಂದ ಫೈಲು ಎಂಥದ್ದೆಂದು ತಿಳಿಯುವ ದಾರಿ ಮನೆಯವರಿಗೆ ಇರುವುದಿಲ್ಲ. ಅದು ಶುದ್ಧವಾಗಿದ್ದರೂ ಹೊಂದದೇ ಇರಬಹುದು, ಏಕೆಂದರೆ ಇಂಥ ಫೈಲುಗಳಲ್ಲಿ 32 ಬಿಟ್, 64 ಬಿಟ್ ಎಂಬ ಎರಡು ಬಗೆಗಳುಂಟು. 64 ಬಿಟ್ ವಿಂಡೋಸಿನಲ್ಲಿ 64 ಬಿಟ್ ಫೈಲುಗಳು ಸಿಸ್ಟಂ32 ಎಂಬ ಫೋಲ್ಡರಿನಲ್ಲಿಯೂ 32 ಬಿಟ್ ಫೈಲುಗಳು ಸಿಸ್‌ವಾವ್64 ಎಂಬ ಫೋಲ್ಡರಿನಲ್ಲಿಯೂ ಇರುತ್ತವೆ. ಹೆಸರುಗಳನ್ನು ನೋಡಿದರೆ ಯಾರಿಗಾದರೂ ತಿರುವುಮುರುವಾಗಿ ತೋರುವ ವ್ಯವಸ್ಥೆಯಿದು. ತಪ್ಪು ಬಗೆಯ ಫೈಲು ಹಾಕಿದರೆ ಮೊದಲಿನ ಸಂದೇಶ ಹೋಗಿ, 0ಎಕ್ಸ್‌ಸಿ000007ಬಿ ಎಂಬ, ಅದಕ್ಕಿಂತಲೂ ಅರ್ಥವಾಗದ ಸಂದೇಶ ಬರುವುದುಂಟು.

ಈ ವಿಷಯದಲ್ಲಿ ಇಂಗ್ಲಿಷ್ ಸಂದೇಶವೇ ಒಂದೇ ಮಾತಿಗೆ ನಿಂತಿಲ್ಲವೆಂಬುದನ್ನು ಸದಸ್ಯರು ಗಮನಿಸಬೇಕೆಂದು ಕೋರುತ್ತೇನೆ. ಪ್ರೋಗ್ರಾಂ ತೆರೆಯದಿದ್ದಾಗ ವಿಂಡೋಸ್ ಎಕ್ಸ್‌ಪಿಯಲ್ಲಿ ಡಿಎಲ್‌ಎಲ್ ‘ವಾಸ್ ನಾಟ್ ಫೌಂಡ್’ (ಸಿಗಲಿಲ್ಲ) ಎಂದು ಬರುತ್ತಿತ್ತು. ವಿಂಡೋಸ್ 7ರಲ್ಲಿ ಅದು ‘ಈಸ್ ಮಿಸ್ಸಿಂಗ್ ಫ್ರಮ್ ಯುವರ್ ಕಂಪ್ಯೂಟರ್’ ಎಂದಾಯಿತು. ವಿಂಡೋಸ್ 10ರಲ್ಲಿ ಮತ್ತೆ ‘ವಾಸ್ ನಾಟ್ ಫೌಂಡ್’ ಎಂಬುದೇ ಬಂದಿದೆ. ಯಂತ್ರಕ್ಕೆ ಗೊತ್ತಿರುವುದು ತಾನು ಕೆಲವು ನಿಗದಿತ ಜಾಗಗಳಲ್ಲಿ ಹುಡುಕಿದ್ದು, ಅಲ್ಲಿ ಸಿಗದೇ ಹೋದದ್ದು, ಇಷ್ಟು ಮಾತ್ರ. ಆ ಫೈಲು ಹಿಂದೆ ಇತ್ತೇ, ಈಗ ಬೇರೆಡೆ ಇದೆಯೇ ಎಂಬುದನ್ನು ಅದು ಅರಿಯದು. ಆದ್ದರಿಂದ ಕನ್ನಡದ ಪದವೂ ಅಷ್ಟನ್ನೇ ಹೇಳಿದರೆ ಸಾಕು, ಅದಕ್ಕಿಂತ ಹೆಚ್ಚು ಹೇಳಬಾರದು ಎಂಬುದು ನನ್ನ ನಿಲುವು.

ಹಾಗೆ ನೋಡಿದರೆ ‘ಇಲ್ಲ’ ಎಂಬುದು ಸಲ್ಲದು, ಏಕೆಂದರೆ ಅದು ಇರುವಿಕೆಯನ್ನೇ ನಿರಾಕರಿಸುತ್ತದೆ. ‘ಲಭ್ಯವಿಲ್ಲ’ ಎಂಬುದು ಅಂಗಡಿಯ ಸರಕಿನ ಭಾಷೆಯಾಯಿತು. ‘ಕಂಡುಬಂದಿಲ್ಲ’ ಸಮೀಪಕ್ಕೆ ಬರುತ್ತದೆ, ಆದರೆ ವರದಿಯ ಧಾಟಿ ಅದಕ್ಕಿದೆ. ‘ಸಿಗಲಿಲ್ಲ’ ಎಂಬಲ್ಲಿ ಹುಡುಕಿದ ಕ್ರಿಯೆ ತಾನಾಗಿ ಅಡಗಿದೆ. ಎಲ್ಲಿ ಹುಡುಕಿತು, ಯಾಕೆ ಸಿಗಲಿಲ್ಲ ಎಂಬ ಮುಂದಿನ ಪ್ರಶ್ನೆಗೂ ಅದು ದಾರಿ ಮಾಡುತ್ತದೆ.

ನ್ಯಾಯವಾಗಿ ‘ಕಾಣೆ’ಯ ಪರವಾಗಿಯೂ ಒಂದು ಮಾತು ಹೇಳಬೇಕು. ರೂಪದಲ್ಲಿ ಅದು ಕಾಣ್ ಧಾತುವಿನ ನಿಷೇಧರೂಪ. ‘ನಾ ಕಾಣೆ’ ಎಂದು ಹಿರಿಯರು ಇಂದಿಗೂ ಹೇಳುವಾಗ ‘ನನಗೆ ಕಾಣದು, ನನಗೆ ತಿಳಿಯದು’ ಎಂಬುದೇ ಅರ್ಥವಾಗಿದ್ದು, ನೋಡುವವನ ಕೊರತೆಯನ್ನು ಅದು ಸೂಚಿಸುತ್ತದೆಯೇ ಹೊರತು ವಸ್ತುವಿನ ಅಭಾವವನ್ನಲ್ಲ. ಆ ಮೂಲಾರ್ಥದಲ್ಲಿ ಈ ಪದ ನಮ್ಮ ಸಂದೇಶಕ್ಕೆ ಪೂರ್ತಿ ಹೊಂದುತ್ತದೆ. ಆದರೆ ‘ಕಾಣೆಯಾಗು’ ಎಂಬ ಕೂಡುಕ್ರಿಯೆಯಲ್ಲಿ ಇಂದಿನ ಓದುಗರಿಗೆ ಆ ಮೂಲಾರ್ಥ ಕೇಳಿಸುತ್ತದೆಯೇ? ನನಗೆ ಕೇಳಿಸುವುದಿಲ್ಲ, ಬೇರೆ ಸೀಮೆಯವರ ಅನುಭವ ಬೇರೆಯಿದ್ದರೆ ದಯವಿಟ್ಟು ತಿಳಿಸಬೇಕು. ಧಾರವಾಡದ ಕಡೆಯ ‘ಸಿಗವಲ್ದು’ ಎಂಬ ಮಾತಿನಲ್ಲಿ ಹುಡುಕಾಟ ಇನ್ನೂ ನಡೆದಿದೆಯೆಂಬ ಧ್ವನಿಯಿದೆ, ಅದು ಬಹಳ ಸೊಗಸಾದ ಪ್ರಯೋಗ. ಅಚ್ಚಿನ ಕೈಪಿಡಿಗೆ ಒಗ್ಗುವ ಅದರ ಸಮಾನರೂಪ ಯಾರಿಗಾದರೂ ಹೊಳೆದರೆ ಸ್ವಾಗತ.

ಇದಕ್ಕೆ ಹೊಂದಿಕೊಂಡೇ ‘ಕರಪ್ಟ್’ ಎಂಬುದರ ಪ್ರಶ್ನೆಯೂ ಇದೆ. ಸಿಸ್ಟಂ ಫೈಲುಗಳನ್ನು ಪರೀಕ್ಷಿಸಿ ಸರಿಪಡಿಸುವ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಆದೇಶವನ್ನು ಓಡಿಸಿದಾಗ ಬರುವ ಫಲಿತಾಂಶಗಳನ್ನು ಕನ್ನಡಿಸುವಲ್ಲಿ ‘ಭ್ರಷ್ಟ ಫೈಲುಗಳು’ ಎಂದು ಬರೆಯುವುದನ್ನು ನಾನು ಒಪ್ಪಲಾರೆ. ಸಂಸ್ಕೃತದಲ್ಲಿ ಭ್ರಷ್ಟ ಎಂದರೆ ಜಾರಿದ್ದು, ಬಿದ್ದದ್ದು ಎಂದಿದ್ದರೂ ಇಂದಿನ ಕನ್ನಡದಲ್ಲಿ ಅದು ಲಂಚಕ್ಕೆ ಅಂಟಿದ ಪದ. ‘ಕೆಟ್ಟಿರುವ ಫೈಲುಗಳು ಸಿಕ್ಕಿದವು, ಅವನ್ನು ಸರಿಪಡಿಸಲಾಯಿತು’, ‘ಕೆಟ್ಟಿರುವ ಫೈಲುಗಳು ಸಿಕ್ಕಿದವು, ಕೆಲವನ್ನು ಸರಿಪಡಿಸಲಾಗಲಿಲ್ಲ’ ಎಂದರೆ ಯಾರಿಗೂ ಅನುಮಾನ ಉಳಿಯದು. ಏನೂ ಕೆಟ್ಟಿಲ್ಲದಾಗ ಬರುವ ‘ಇಂಟೆಗ್ರಿಟಿ ವಯೊಲೇಷನ್ಸ್’ ಕುರಿತ ಸಂದೇಶವನ್ನು ‘ಸಮಗ್ರತೆಯ ಉಲ್ಲಂಘನೆಗಳು ಕಂಡುಬಂದಿಲ್ಲ’ ಎನ್ನುವ ಬದಲು ‘ಸಿಸ್ಟಂ ಫೈಲುಗಳೆಲ್ಲ ಸರಿಯಾಗಿವೆ’ ಎಂದು ಬರೆದಿದ್ದೇನೆ.

ಇನ್ನೊಂದು ಗೊಂದಲ ‘ಮರುಸ್ಥಾಪನೆ’ಯದು. ಪ್ರೋಗ್ರಾಂ ಅನ್ನು ಮತ್ತೆ ಇನ್‌ಸ್ಟಾಲ್ ಮಾಡುವುದಕ್ಕೂ, ವಿಂಡೋಸಿನ ಕೆಟ್ಟ ಭಾಗಗಳನ್ನು ಸರಿಪಡಿಸುವ ಡಿಐಎಸ್‌ಎಂ ಉಪಕರಣದ ‘ರಿಸ್ಟೋರ್ ಹೆಲ್ತ್’ ಕ್ರಿಯೆಗೂ ಒಂದೇ ಪದ ಬಳಕೆಯಾಗುತ್ತಿದೆ. ವಿಂಡೋಸ್ 8 ಮತ್ತು ಅದರ ಮುಂದಿನ ಆವೃತ್ತಿಗಳಲ್ಲಿ ಮೊದಲು ಡಿಐಎಸ್‌ಎಂ ಓಡಿಸಿ ಒಳ್ಳೆಯ ಪ್ರತಿಗಳ ದಾಸ್ತಾನನ್ನು ಸರಿಪಡಿಸಿಕೊಂಡು, ಆಮೇಲೆ ಆ ದಾಸ್ತಾನಿನಿಂದ ಪ್ರತಿಗಳನ್ನು ಪಡೆಯುವ ಎಸ್‌ಎಫ್‌ಸಿಯನ್ನು ಓಡಿಸಬೇಕು. ಈ ಕ್ರಮವನ್ನು ವಿವರಿಸುವ ಪುಟದಲ್ಲಿ ಎರಡಕ್ಕೂ ಒಂದೇ ಪದವಿದ್ದರೆ ಓದುಗರು ದಾರಿ ತಪ್ಪುವುದು ಖಂಡಿತ. ಮೊದಲನೆಯದಕ್ಕೆ ‘ಮತ್ತೆ ಇನ್‌ಸ್ಟಾಲ್ ಮಾಡುವುದು’, ಎರಡನೆಯದಕ್ಕೆ ‘ದುರಸ್ತಿ’ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ.

ಕೈಪಿಡಿಗೆಂದು ಬರೆದಿರುವ ವಾಕ್ಯ ಹೀಗಿದೆ: ‘ಈ ಪ್ರೋಗ್ರಾಂಗೆ ಬೇಕಾದ ಇಂಥ ಫೈಲು ಹುಡುಕಿದ ಜಾಗಗಳಲ್ಲಿ ಸಿಗಲಿಲ್ಲ, ಆ ಫೈಲನ್ನು ಬಿಡಿಯಾಗಿ ಇಳಿಸಿಕೊಳ್ಳದೆ, ಪ್ರೋಗ್ರಾಂ ಅನ್ನೇ ಅದರ ಮೂಲದಿಂದ ಮತ್ತೆ ಇನ್‌ಸ್ಟಾಲ್ ಮಾಡಿ.’ ‘ಸಿಗಲಿಲ್ಲ’ ಎಂಬ ಭೂತಕಾಲವೋ ‘ಸಿಗುತ್ತಿಲ್ಲ’ ಎಂಬ ವರ್ತಮಾನವೋ ಇಲ್ಲಿ ಹೆಚ್ಚು ಸಹಜ ಎಂಬ ಬಗ್ಗೆ, ಹಾಗೂ ‘ಕಾಣೆಯಾಗಿದೆ’ಯನ್ನೇ ಉಳಿಸಬೇಕೆನ್ನುವವರು ಇದ್ದರೆ ಅವರ ಕಾರಣಗಳ ಬಗ್ಗೆ, ತಿಳಿದವರು ಬರೆಯಬೇಕೆಂದು ವಿನಂತಿಸುತ್ತೇನೆ.